ಎರಡನೇ ಸಲ ಕೇಳದ ಕಂಪ್ಯೂಟರ್

ನೆಟ್ಟಗಿರುವ ಸಾಮಾನನ್ನು ನೆಟ್ಟಗಿರಲು ಬಿಡದ ಜನರಿದ್ದಾರೆ; ಅವರಲ್ಲಿ ನಾನೂ ಒಬ್ಬ. ಒಳಗೇನಿದೆಯೆಂದು ನಾನು ಬಿಚ್ಚಿ ನೋಡಿದ ಮೇಲೆ ನಮ್ಮ ಮನೆಯ ರೇಡಿಯೊ ಮತ್ತೆ ಬಾಯಿ ಬಿಟ್ಟಿಲ್ಲ. ಹೀಗಿರುವಾಗ ನಾನು ಪಾಠ ಹೇಳುವ ಹೊಳಲ್ಕೆರೆಯ ಶಾಲೆಯ ವಿಜ್ಞಾನದ ಮೇಷ್ಟ್ರು, ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆಗೆ, ಅದರಂತೆಯೇ ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನೂ ಇಡಬಹುದು, ಶುರುವಾಗುವಾಗ ಅದೇ ‘ಯಾವುದು ಬೇಕು’ ಎಂದು ಕೇಳುತ್ತದೆ ಎಂದರು. ಕೇಳುತ್ತದೆಯೇ? ಹೇಗೆ ಕೇಳುತ್ತದೆ? ಒಂದು ವಾರ ಪಾಠ ಮಾಡುವಾಗಲೂ ನನಗೆ ಅದೇ ಧ್ಯಾನ.

ಅಡ್ಡಿಯಿದ್ದದ್ದು ಒಂದೇ. ನನ್ನ ಹೆಂಡತಿ ಗಿರಿಜಾ, ಶ್ರೀರಾಂಪುರದಲ್ಲಿರುವ ತನ್ನ ಅವ್ವನಿಂದ ರಾಗಿ ಬೀಸುವಾಗ ಹಾಡುವ ಪದಗಳನ್ನು ಹೇಳಿಸಿಕೊಂಡು ನಮ್ಮ ಮನೆಯ ಕಂಪ್ಯೂಟರಿನಲ್ಲೇ ಟೈಪು ಮಾಡಿಟ್ಟಿದ್ದಳು. ಅತ್ತೆಗೆ ಈಗ ಮರೆವು, ಮತ್ತೆ ಕೇಳುವಂತಿಲ್ಲ. “ಅವ್ವನ ಪದಕ್ಕೇನಾದ್ರೂ ಆದ್ರೆ ನೀವು ಕುಂತು ಹಾಡ್ತೀರೇನು?” ಎಂದಳು. “ಏನೂ ಆಗಲ್ಲ, ಎರಡೂ ಬ್ಯಾರೆ ಬ್ಯಾರೆ ಕೋಣ್ಯಾಗೆ ಇರ್ತಾವೆ” ಎಂದೆ, ಮೇಷ್ಟ್ರ ಮಾತನ್ನೇ ಕದ್ದು.

ಭಾನುವಾರ ಬೆಳಿಗ್ಗೆ ಹೊಸದನ್ನು ಹಾಕಿದೆ. ಪರದೆ ಕಪ್ಪಾಗಿ ಎರಡು ಹೆಸರು ಮೂಡಿದವು. ಕೆಳಗೆ ಹತ್ತು, ಒಂಬತ್ತು, ಎಂಟು ಎಂದು ಎಣಿಕೆ. ನಮ್ಮ ಕಡೆ ಊಟಕ್ಕೆ ಕೂತವನನ್ನು ‘ಇನ್ನೊಂದು ಮುದ್ದೆ?’ ಎಂದು ಕೇಳಿದರೆ ಅವನು ಮೊದಲ ಸಲ ಬೇಡವೆನ್ನಬೇಕು, ಎರಡನೇ ಸಲ ಸುಮ್ಮನಿರಬೇಕು, ಮೂರನೇ ಸಲ ತಟ್ಟೆ ಮುಂದೆ ತಳ್ಳಬೇಕು. ಒಂದೇ ಮಾತಿಗೆ ಹೂಂ ಎಂದವನು ಹೊಟ್ಟೆಬಾಕ. ಅದೇ ಅಭ್ಯಾಸದಲ್ಲಿ ನಾನು, ಇನ್ನೊಮ್ಮೆ ಕೇಳಲಿ ಎಂದು ಕೈಕಟ್ಟಿ ಕೂತೆ. ಅದು ಕೇಳಲಿಲ್ಲ, ತಾನೇ ಹೊಸದನ್ನು ತೆರೆದುಬಿಟ್ಟಿತು. ಅಲ್ಲಿ ಎಷ್ಟು ಹುಡುಕಿದರೂ ಪದಗಳು ಕಾಣಲಿಲ್ಲ.

ಹಿಂದೆ ನಿಂತಿದ್ದ ಗಿರಿಜಾ, “ಎಲ್ಲಿ ಅವೆ?” ಎಂದಳು, ಮೆಲ್ಲಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಿಜವಾಗಿಯೂ ಭಯವಾಯಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಶುರು ಮಾಡಿದೆ. ಈ ಸಲ ಎಣಿಕೆ ಎಂಟಕ್ಕಿಳಿಯುವ ಮೊದಲೇ ಅವಳೇ ಕೈಚಾಚಿ ಹಳೆಯದನ್ನು ಒತ್ತಿದಳು. ಪದಗಳೆಲ್ಲ ಇದ್ದಲ್ಲೇ ಇದ್ದವು. ಮೊದಲನೆಯದನ್ನು ಗಟ್ಟಿಯಾಗಿ ಓದಿ, “ಅವೆ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ಊಟಕ್ಕೆ ಕೂತಾಗ “ಇನ್ನೊಂದು ಮುದ್ದೆ?” ಎಂದಳು. “ಬ್ಯಾಡ” ಎಂದೆ, ರೂಢಿಯಂತೆ. ಅವಳು ಪಾತ್ರೆಗೆ ಮುಚ್ಚಳ ಹಾಕಿ ಒಳಗೆ ಹೋದಳು. ನಾನು ಬರೀ ಸಾರು ಕುಡಿಯುತ್ತಾ ಹತ್ತರವರೆಗೆ ಎಣಿಸಿದೆ. ಆಮೇಲೆ ನೂರರವರೆಗೂ ಎಣಿಸಿದೆ.