ಎಡಗೈ ಕಡೆಗೆ ಹೊಳೆ

ನಮ್ಮ ಕಾಕಾ ತಮ್ಮ ಜೀವಮಾನದಲ್ಲಿ ಎಷ್ಟೋ ಊರುಗಳಿಗೆ ಹೊರಟರು, ಎಷ್ಟೋ ಊರುಗಳನ್ನು ತಲುಪಿದರು. ಆದರೆ ಹೋಗಬೇಕೆಂದು ಹೊರಟ ಊರು ಮತ್ತು ತಲುಪಿದ ಊರು ಎಂದೂ ಒಂದೇ ಆಗಿರಲಿಲ್ಲ! ಇದು ಸುಳ್ಳೆಂದು ಯಾರಾದರೂ ತೋರಿಸಿಕೊಟ್ಟರೆ ನನ್ನ ಎಂ.ಎ. ಪದವಿಯನ್ನು ವಾಪಸು ಕೊಡಲು ಸಿದ್ಧ. ಧಾರವಾಡದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ ನಾನು ಕಲಿತದ್ದಾದರೂ ಏನು? ಮೊದಲ ವರ್ಷ ಮನೆಯವರು ಹೇಳಿದ್ದನ್ನೆಲ್ಲ ಅನುಮಾನಿಸುವುದು, ಎರಡನೆಯ ವರ್ಷ ನನ್ನ ನೆನಪನ್ನೇ ಅನುಮಾನಿಸುವುದು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಮುಂದೆ ಬರುವುದರಲ್ಲಿ ಕೆಲವು ನಾನು ಕಂಡದ್ದು, ಕೆಲವು ಕೇಳಿದ್ದು, ಇನ್ನು ಕೆಲವು ಯಾವುದೆಂದು ನನಗೇ ಗೊತ್ತಿಲ್ಲ.

ಕಾಕಾ ಲಕ್ಷ್ಮೇಶ್ವರದ ಬಜಾರದಲ್ಲಿ ದರ್ಜಿ. ಕಾಲು ಹೊಲಿಗೆ ಮಶೀನಿನ ಮೇಲೆ, ಮನಸ್ಸು ಹಿಮಾಲಯದ ಮೇಲೆ. ಬೆಟಗೇರಿಯಿಂದ ನಾನು ರಜೆಗೆಂದು ಹೋದಾಗಲೆಲ್ಲ ಪೆಡಲು ತುಳಿಯುತ್ತಲೇ ಅನ್ನುತ್ತಿದ್ದರು: "ಲೇ ತಮ್ಮಾ, ಇಪ್ಪತ್ತು ವರ್ಷದಿಂದ ತುಳ್ಯಾಕ ಹತ್ತೇನಿ. ಈ ಮಶೀನಿಗೆ ನಾಕು ಗಾಲಿ ಇದ್ದಿದ್ರ ಇಷ್ಟೊತ್ತಿಗೆ ಕಾಶ್ಮೀರ ಮುಟ್ಟತಿದ್ನಿ!"

ಒಳಗಿನಿಂದ ಕಾಕಿಯ ದನಿ ಬರುತ್ತಿತ್ತು: "ಕಾಶ್ಮೀರಕ್ಕ ಹೊಂಟು ಕೊಪ್ಪಳ ಮುಟ್ಟತಿದ್ರಿ!"

ಕಾಕಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಇಲ್ಲೇ ಕೂಗಳತೆಯ ಶಿರಹಟ್ಟಿಯಲ್ಲಿದ್ದ ಒಂದು ಮದುವೆಗೆ ವರನ ಕೋಟು ಹೊಲಿದು ಒಯ್ದವರು ಬಸ್ಸಿನಲ್ಲಿ ನಿದ್ದೆ ಹೋಗಿ ಮುಂಡರಗಿ ತಲುಪಿದ್ದರು. ಅಲ್ಲಿಯೂ ಒಂದು ಮದುವೆ ನಡೆದಿತ್ತಂತೆ. ಉಂಡು ಬಂದರು. ಶಿರಹಟ್ಟಿಯ ವರ ಅವರಪ್ಪನ ಕೋಟು ಹಾಕಿಕೊಂಡು ತಾಳಿ ಕಟ್ಟಿದ!

ಒಮ್ಮೆ ಸಮುದ್ರ ನೋಡಬೇಕೆಂದು ಗೋವೆಗೆ ಹೊರಟರು. ಗದಗ ಸ್ಟೇಶನ್ನಿನಲ್ಲಿ ಯಾರನ್ನಾದರೂ ಕೇಳಬಹುದಿತ್ತಲ್ಲ? ಕೇಳುವುದು ಪ್ರವಾಸಿಗೆ ಅವಮಾನವೆಂಬುದು ಕಾಕಾನ ಸಿದ್ಧಾಂತ. ಸಮುದ್ರ ಇರುವುದು ಪಡುವಣಕ್ಕೆ, ನಿಂತ ಗಾಡಿಯ ಎಂಜಿನ್ನಿನ ಮುಖವೂ ಪಡುವಣಕ್ಕೆ, ಹತ್ತಿ ಕುಳಿತರು. ಮುಂದೆ ಎಂಜಿನ್ನು ಮನಸ್ಸು ಬದಲಿಸಿ ಬಡಗಣಕ್ಕೆ ತಿರುಗಿತು. ಅದಕ್ಕೆ ಕಾಕಾ ಏನು ಮಾಡಬೇಕು? ಮರುದಿನ ಅವರು ಇಳಿದದ್ದು ವಿಜಾಪುರದಲ್ಲಿ. ಬಂದದ್ದು ಬಂದೆನೆಂದು ಗೋಳಗುಮ್ಮಟ ಹತ್ತಿ, "ಸಮುದ್ರಾ!" ಎಂದು ಕೂಗಿದರಂತೆ.

ಮನೆಗೆ ಬಂದಾಗ ಕಾಕಿ ಕೇಳಿದಳು: "ಸಮುದ್ರ ನೋಡಿದ್ರೇನು?"

"ನೋಡಲಿಲ್ಲ. ಆದ್ರ ಏಳು ಸಲ ಕೇಳಿದ್ನಿ."

ಇನ್ನೊಮ್ಮೆ ಕಪ್ಪತಗುಡ್ಡದಲ್ಲಿ ಚಿರತೆ ನೋಡುವ ಹುಚ್ಚು ಹತ್ತಿತು. ಅದಕ್ಕಾಗಿ ಹದಿನಾಲ್ಕು ಕಿಸೆಗಳ ಖಾಕಿ ಪ್ಯಾಂಟು ಹೊಲಿದುಕೊಂಡರು. (ಹನ್ನೆರಡೋ ಹದಿನಾಲ್ಕೋ? ನನ್ನ ತಂಗಿ ಒಂಬತ್ತು ಅನ್ನುತ್ತಾಳೆ. ಅವಳಿಗೆ ಆಗ ಲೆಕ್ಕ ಬರುತ್ತಿರಲಿಲ್ಲ.) ಒಂದರಲ್ಲಿ ಕಟಕರೊಟ್ಟಿಯ ತುಂಡು, ಒಂದರಲ್ಲಿ ಶೇಂಗಾ ಚಟ್ನಿ, ಒಂದರಲ್ಲಿ ಬೆಂಕಿಪೊಟ್ಟಣ, ಒಂದರಲ್ಲಿ ಸೂಜಿ-ದಾರ, ಒಂದರಲ್ಲಿ ಅಳತೆಯ ಟೇಪು. "ಟೇಪು ಯಾಕ ಕಾಕಾ?" ಅಂದರೆ, "ಚಿರತಿ ಉದ್ದ ಎಷ್ಟೈತಿ ಅಂತ ಯಾರರ ಕೇಳಿದ್ರ ಏನ್ ಹೇಳಲಿ?"

ಡೋಣಿಯಲ್ಲಿ ಬಸ್ಸಿಳಿದು ಗುಡ್ಡ ಹತ್ತಿದವರು ನಾಲ್ಕು ದಿನ ಪತ್ತೆಯಿಲ್ಲ. ಹುಡುಕಲು ನನ್ನನ್ನೇ ಕಳಿಸಿದರು. ಗುಡ್ಡದ ಆಚೆ ಮಗ್ಗುಲಿನ ಕುರಿಹಟ್ಟಿಯಲ್ಲಿ ಕಾಕಾ ಚಕ್ಕಳಮಕ್ಕಳ ಹಾಕಿ ಕುಳಿತು ಕುರುಬರ ಹರಿದ ಅಂಗಿಗಳಿಗೆಲ್ಲ ತೇಪೆ ಹಾಕುತ್ತಿದ್ದರು. ಅವರ ಪ್ಯಾಂಟಿಗೆ ಮಾತ್ರ ಜಾಲಿಮುಳ್ಳಿನ ಕೃಪೆಯಿಂದ ಇನ್ನೂ ಹದಿನಾಲ್ಕು ಕಿಸೆಗಳಾಗಿದ್ದವು!

"ಚಿರತಿ ಕಂಡಿತೇನ್ರಿ ಕಾಕಾ?"

"ನನಗ ಕಾಣಲಿಲ್ಲ. ಅದಕ್ಕ ನಾ ಕಂಡಿರಬೇಕು. ಅದೂ ಒಂದು ಜೀವ, ಅದಕ್ಕೂ ಏನರ ನೋಡಬೇಕು ಅನಸೂದಿಲ್ಲೇನು?"

ಇಷ್ಟೆಲ್ಲ ಕೇಳಿ ಕಾಕಾ ಬರೀ ತಮಾಷೆಯ ಮನುಷ್ಯ ಎಂದು ನೀವು ತಿಳಿದಿದ್ದರೆ ತಪ್ಪು ನನ್ನದು. ಒಂದು ಪ್ರವಾಸದ ಮಾತು ಬಂದರೆ ಮಾತ್ರ ಅವರು ನಗುತ್ತಿರಲಿಲ್ಲ.

ಕಾಕಿಯ ತವರು ಮುಂಡರಗಿಯಾಚೆ, ತುಂಗಭದ್ರೆಯ ದಂಡೆಯ ಒಂದು ಹಳ್ಳಿ. ಹೊಳೆಯಲ್ಲಿ ಈಜಾಡಿ ಬೆಳೆದವಳು ಲಕ್ಷ್ಮೇಶ್ವರದ ಸವಳು ನೀರಿನ ಬಾವಿಗೆ ಸೊಸೆಯಾಗಿ ಬಂದಳು. ಕೊಡ ಇಳಿಸಿದಾಗಲೊಮ್ಮೆ ಒಂದು ನಿಟ್ಟುಸಿರು. ಅವಳಿಗೆ ಚಿಕ್ಕಂದಿನಿಂದ ಒಂದೇ ಆಸೆ: ಇಷ್ಟು ದೊಡ್ಡ ಹೊಳೆ ಎಲ್ಲಿ ಹುಟ್ಟುತ್ತದೋ ಅಲ್ಲಿ ಹೋಗಿ ಒಂದು ಬೊಗಸೆ ನೀರು ಕುಡಿಯಬೇಕು. ಕರೆದೊಯ್ಯುತ್ತೇನೆಂದು ಅವಳಪ್ಪ ಮಾತು ಕೊಟ್ಟಿದ್ದ; ಒಯ್ಯಲಿಲ್ಲ. ಮದುವೆಯಾದ ಹೊಸದರಲ್ಲಿ ಕಾಕಾ ಮಾತು ಕೊಟ್ಟರು. ದೀಪಾವಳಿಯ ಹೊಲಿಗೆ ಮುಗಿಯಲಿ, ಮದುವೆ ಹಂಗಾಮು ಮುಗಿಯಲಿ ಎನ್ನುತ್ತ ಇಪ್ಪತ್ತು ವರ್ಷ ಮುಗಿದವು. ಅಷ್ಟರಲ್ಲಿ ಕಾಕಿಯ ಮೊಣಕಾಲು ಹಿಡಿದುಕೊಂಡು, ಹಿತ್ತಲಿಗೆ ಹೋಗಿ ಬರುವುದೇ ಅವಳಿಗೆ ಯಾತ್ರೆಯಾಯಿತು.

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ಹಬ್ಬದ ಹೊಲಿಗೆ ಮುಗಿಸಿದ ಕಾಕಾ ಮಶೀನಿಗೆ ಬಟ್ಟೆ ಹೊದಿಸಿ, ತಾಮ್ರದ ಗಿಂಡಿ ಒಂದನ್ನು ಹೆಗಲಚೀಲಕ್ಕೆ ಹಾಕಿದರು.

"ನಿನಗ ಬರಾಕ ಆಗೂದಿಲ್ಲ. ನಾ ಹೋಗಿ ನೀರು ತರ್ತೇನಿ. ನಿಮ್ಮೂರಿಂದ ಸುರು ಮಾಡಿ ಹೊಳಿ ದಂಡಿ ಹಿಡದು ನಡಕೋಂತನ ಹೋಗ್ತೇನಿ. ಈ ಸಲ ಗಾಡಿ ಇಲ್ಲ, ಬಸ್ಸಿಲ್ಲ. ಹೊಳಿ ದಾರಿ ತಪ್ಪಿಸ್ತೈತೇನು?"

"ಹೊಳಿ ತಪ್ಪಸೂದಿಲ್ಲ. ನೀವ ಹೊಳಿನ್ನ ತಪ್ಪಿಸೀರಿ!" ಎಂದಳು ಕಾಕಿ. ಆದರೆ ಚಟ್ನಿ ಕುಟ್ಟುವಾಗ ಸೆರಗಿನಿಂದ ಎರಡು ಸಲ ಕಣ್ಣೊರೆಸಿಕೊಂಡಳು. ಖಾರದ ಘಾಟು ಅಂದಳು. ಇದ್ದೀತು.

ಕಾಕಾ ನನಗೆ ತಮ್ಮ ಹೊಸ ಸಿದ್ಧಾಂತವನ್ನು ವಿವರಿಸಿದರು. "ಅರಿವಿ ಕತ್ತರಸೂವಾಗ ಎಡಗೈ ಅಂಚಿನ ಮ್ಯಾಲಿಂದ ತಗೀಬಾರದು. ಅಂಚು ಬಿಟ್ಟಿ ಅಂದ್ರ ಅಂಗಿ ಕೆಟ್ಟಿತು. ಹೊಳಿನೂ ಹಂಗ. ಎಡಗೈ ಕಡೆ ನೀರು, ಬಲಗೈ ಕಡೆ ನೆಲ. ಎಡಗೈ ಕಡೆ ನೀರು ಇರೂತನಾ ದಾರಿ ತಪ್ಪೂದಿಲ್ಲ."

"ನಡುವ ಹೊಳಿ ದಾಟೋ ಪ್ರಸಂಗ ಬಂದ್ರ?"

"ಬರೂದಿಲ್ಲ. ಬಂದ್ರೂ ದಾಟೂದಿಲ್ಲ. ಹರಗೋಲಿನ್ಯಾಗ, ಆ ಬುಟ್ಟ್ಯಾಗ ಕುಂಡ್ರಾಕ ನಾ ಏನು ಬದನಿಕಾಯೇನು?"

ಕಾಕಾಗೆ ಈಜು ಬರುತ್ತಿರಲಿಲ್ಲ. ಮೊಣಕಾಲುದ್ದ ನೀರು ಕಂಡರೂ ಅವರ ಮುಖ ಬಿಳಿಚುತ್ತಿತ್ತು.

ಹೋದರು. ನಾನು ಆಗಲೇ ಪರೀಕ್ಷೆ ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದವನು. ಕಾಕಿಗೆ ಜೊತೆಯಾಗಿ ಲಕ್ಷ್ಮೇಶ್ವರದಲ್ಲಿ ಉಳಿದೆ. ನಾಲ್ಕೈದು ದಿನಕ್ಕೊಂದು ಕಾರ್ಡು ಬರುತ್ತಿತ್ತು. ಕಾಕಿ ರೊಟ್ಟಿ ಬಡಿಯುತ್ತ ಕೂತಿರುವಾಗ ನಾನು ಓದಿ ಹೇಳಬೇಕು. ಮೊದಲನೆಯದು: "ಹೊಳಿ ಎಡಕ್ಕೈತಿ. ನಾನು ಬಲಕ್ಕದೇನಿ. ಇಬ್ಬರೂ ಆರಾಮ." ಎರಡನೆಯದು: "ಇಂದು ಒಂದು ಮೊಸಳಿ ಕಂಡೆ. ಹತ್ತಿರ ಹೋದಾಗ ಕಟ್ಟಿಗಿ ಆತು. ಆದರೂ ಕಂಡದ್ದು ಖರೆ." ಮೂರನೆಯದು: "ಗಳಗನಾಥ ಮುಟ್ಟಿದೆ. ದೊಡ್ಡ ಗುಡಿ ಐತಿ. ಚಟ್ನಿ ಮುಗೀತು." ನಾಲ್ಕನೆಯದು ಇನ್ನೂ ನನ್ನ ಕಣ್ಣ ಮುಂದಿದೆ: "ಹೊಳಿ ಒಮ್ಮಿಂದೊಮ್ಮಿಲೆ ಸಣ್ಣದಾಗೇತಿ. ಮೂಲ ಸಮೀಪ ಬಂದಂಗ ಕಾಣಸ್ತೈತಿ. ಎಡಗೈ ಬಿಟ್ಟಿಲ್ಲ."

ರೊಟ್ಟಿ ಬಡಿಯುತ್ತಿದ್ದ ಕಾಕಿಯ ಕೈ ಒಂದು ಗಳಿಗೆ ನಿಂತಿತು. "ಮತ್ತೊಮ್ಮೆ ಓದು," ಅಂದಳು. ಓದಿದೆ. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು.

ತಿಂಗಳ ಮೇಲೆ ಒಂದು ಮುಂಜಾನೆ ಕಾಕಾ ಬಂದರು. ಗಡ್ಡ ಬೆಳೆದು, ಮೈ ಕರ್ರಗಾಗಿ, ಚಪ್ಪಲಿಗೆ ತಾವೇ ಹಾಕಿದ ಎಂಟು ಹೊಲಿಗೆಯೊಡನೆ. ಗಿಂಡಿಯ ಬಾಯಿಗೆ ಮೇಣ ಮೆತ್ತಿ, ಮೇಲೆ ಖಾಕಿ ಬಟ್ಟೆಯ ಗವಸು ತೊಡಿಸಿ ಎರಡೆಳೆ ದಾರದಲ್ಲಿ ಹೊಲಿದಿದ್ದರು. ಕಪ್ಪತಗುಡ್ಡದ ಆ ಪ್ಯಾಂಟಿನ ಕಿಸೆಗಳಲ್ಲಿ ಒಂದು ಕಡಿಮೆಯಾಗಿತ್ತು.

"ಹೆಂಗಿತ್ತರಿ?" ಕಾಕಿ ಕೇಳಿದಳು. ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಮಲೆನಾಡಾಗ, ಸಾಗರ ಅನ್ನೂ ಊರ ಕಡೆ, ದಟ್ಟ ಕಾಡು. ಗಿಡದ ನೆರಳಾಗ ಒಂದು ಸಣ್ಣ ಹೊಂಡ. ಇಷ್ಟ ನೀರು. ಒಂದು ಕಪ್ಪಿ ಕುಂತಿತ್ತು. ಹೊಳಿನೆಲ್ಲಾ ತಾನ ಬಿಡಾಕ ಹತ್ತಿದವರಂಗ ನನ್ನ ನೋಡ್ತು!"

ಕಾಕಿ ಹೊಲಿಗೆ ಬಿಚ್ಚಿಸಿ, ಅಂಗೈಯಲ್ಲಿ ಮೂರು ಸಲ ನೀರು ಹಾಕಿಸಿಕೊಂಡು ಕುಡಿದಳು. ಓಣಿಯವರಿಗೆಲ್ಲ ಒಂದೊಂದು ಉದ್ಧರಣೆ ಹಂಚಿದಳು. ಬಾಜೂ ಮನೆಯ ಬೂಬಮ್ಮ ಕುಡಿದು, "ಅಯ್ ಯವ್ವಾ, ಕಲ್ಲಸಕ್ಕರಿ ಆಗೇತಲ್ಲ! ನಿನ್ನ ಗಂಡ ಈ ಸಲ ಹೊಂಟಲ್ಲಿಗೇ ಮುಟ್ಟ್ಯಾನ ನೋಡು!" ಎಂದಳು. ಕಾಕಾನ ಎದೆ ಉಬ್ಬಿದ್ದು ಹೇಗೆಂದರೆ, ಅಂಗಿಯ ಗುಂಡಿ ಕಿತ್ತು ಬೀಳುವುದೊಂದು ಬಾಕಿ.

ಆದರೆ ಸಾಗರ! ನನ್ನ ತಲೆಯಲ್ಲಿ ಹುಳು ಬಿಟ್ಟಂತಾಯಿತು. ಹಳೆಯ ಶಾಲಾ ಭೂಪಟದ ಪುಸ್ತಕ ಹುಡುಕಿ ತೆಗೆದೆ. ಅನುಮಾನವೇ ಇಲ್ಲ! ಸಾಗರದ ಕಡೆ ಹುಟ್ಟುವ ವರದಾ ನದಿ ಪಡುವಣದಿಂದ ಬಂದು ಗಳಗನಾಥದಲ್ಲಿ ತುಂಗಭದ್ರೆಗೆ ಕೂಡುತ್ತದೆ. ಎಡಗೈ ಕಡೆ ನೀರು ಇಟ್ಟುಕೊಂಡು, ದಾಟದೆ ನಡೆದರೆ ಯಾರೇ ಆದರೂ ತುಂಗಭದ್ರೆಯನ್ನು ಬಿಟ್ಟು ವರದೆಯ ದಂಡೆಗೆ ಹೊರಳಲೇಬೇಕು. ಕಾಕಾ ಅಲ್ಲಿಂದಾಚೆ ಬೇರೆ ಹೊಳೆಯ ಮೂಲಕ್ಕೆ ನಡೆದಿದ್ದರು!

ಸತ್ಯವನ್ನು ಹೇಳದಿದ್ದರೆ ಅನ್ನ ಕರಗದ ವಯಸ್ಸು ಅದು. ಆ ಪುಟ ಹರಿದುಕೊಂಡು ಅಡಿಗೆಮನೆಗೆ ಹೋದೆ. ಬೆರಳಿಟ್ಟು ತೋರಿಸಿದೆ. "ಕಾಕಿ, ಇದು ನಿಮ್ಮ ಹೊಳಿ ನೀರಲ್ಲ. ವರದಾ ನೀರು. ಕಾಕಾ ಇಲ್ಲಿ ತಪ್ಯಾರ."

ಅವಳು ನಕ್ಷೆಯ ಕಡೆ ನೋಡಲೂ ಇಲ್ಲ. "ನನಗ ಅವತ್ತ ಗೊತ್ತಾತು. ಹೊಳಿ ಸಣ್ಣದಾತು ಅಂತ ಕಾರ್ಡ ಬಂದಾಗ. ಹೊಳಿದಂಡ್ಯಾಗ ಹುಟ್ಟಿದಾಕಿ ನಾ, ನನಗ ನೀ ಪುಸ್ತಕ ತೋರಿಸ್ತೀಯೇನು?"

"ಮತ್ತ ಯಾಕ ಕುಡದಿ? ಓಣಿಗೆಲ್ಲಾ ಯಾಕ ಹಂಚಿದಿ?"

"ವರದಾ ನೀರೂ ಕೂಡಿ ನಮ್ಮೂರ ಮುಂದನ ಹರದು ಹೊಕ್ಕೈತಿ. ಹುಟ್ಟಿದಾಗಿಂದ ಅದನ್ನೂ ಕುಡದೇನಿ." ಒಲೆಯ ಕಟ್ಟಿಗೆ ಮುಂದೆ ಸರಿಸಿದಳು. "ಮತ್ತ ನನ್ನ ಸಲುವಾಗಿ ಅಷ್ಟು ದೂರ ಯಾರು ನಡದಾರ? ಅವರಿಗೆ ಹೇಳಿದಿ ಅಂದ್ರ ನೋಡು, ಈ ಮನ್ಯಾಗ ನಿನಗ ರೊಟ್ಟಿ ಇಲ್ಲ. ಆ ಹಾಳಿ ಕೊಡು ಇಲ್ಲೆ."

ಪುಟವನ್ನು ಮಡಚಿ ಉಪ್ಪಿನಕಾಯಿಯ ಭರಣಿಯ ಕೆಳಗೆ ಹಾಸಿದಳು. ಎರಡು ವರ್ಷದ ನನ್ನ ತತ್ವಶಾಸ್ತ್ರದ ಮೇಲೆ ಮಾವಿನಕಾಯಿ ಭರಣಿ ಕೂತಿತು.

ಆಮೇಲೆ ಕಾಕಾ ಎಲ್ಲಿಗೂ ಹೊರಡಲಿಲ್ಲ. ಕಾಶ್ಮೀರದ ಮಾತೂ ನಿಂತಿತು. ಬಂದ ಗಿರಾಕಿಗಳೆದುರು ಹೊಳೆಯ ಮೂಲದ ಕಥೆ ಹೇಳುವರೆಂದು ನಾನು ಕಾದೆ, ಹೇಳಲಿಲ್ಲ. ಬೂಬಮ್ಮ ಕೇಳಿದರೂ ಮಾತು ಹಾರಿಸುತ್ತಿದ್ದರು. ದೊಡ್ಡ ಪ್ರವಾಸ ಮುಗಿದ ಮೇಲೆ ಬರುವ ತೃಪ್ತಿ ಅಂದುಕೊಂಡೆ. ಅನುಮಾನಿಸುವುದನ್ನು ಕಲಿತವನು ಅಲ್ಲೊಂದು ಕಡೆ ಅನುಮಾನಿಸಲಿಲ್ಲ!

ಎಂಬತ್ತರ ದಶಕದ ಕೊನೆಯಲ್ಲಿ ಕಾಕಿ ಹೋದಳು. ತಿಥಿಯ ದಿನಗಳೆಲ್ಲ ಮುಗಿದ ಮೇಲೆ ನಾನೂ ಕಾಕಾನೂ ಅಡಿಗೆಮನೆಯ ಗೋಡೆಯಲ್ಲಿನ ಮಾಡ ಒರೆಸುತ್ತಿದ್ದೆವು. ಭರಣಿ ಎತ್ತಿದಾಗ ಆ ಪುಟ ಬಂತು, ಎಣ್ಣೆ ಕುಡಿದು ಗಾಜಿನಂತಾಗಿ. ನಾನು ಗಾಬರಿಯಿಂದ ಮುದುರಿ ಅಡಗಿಸಲು ಹೋದೆ. ಕಾಕಾ ಅದನ್ನು ಇಸಿದುಕೊಂಡು, ಬಾಗಿಲ ಬೆಳಕಿಗೆ ಹಿಡಿದರು. ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳು ನೇರವಾಗಿ ಗಳಗನಾಥದ ಮೇಲೆ ಹೋಗಿ ನಿಂತಿತು.

"ಇಲ್ಲೆ ತಪ್ಪಿದ್ದು."

ಒರೆಸುವ ಬಟ್ಟೆ ಕೆಳಗಿಟ್ಟು ನಾನು ಅವರ ಪಕ್ಕಕ್ಕೆ ಸರಿದೆ.

"ಅಂಬಿಗ ಹೇಳಿದ್ದ. 'ಯಜಮಾನ್ರ, ದೊಡ್ಡ ಹೊಳಿ ಆಚೀಕಡೆ ಹೊಕ್ಕೈತಿ, ಹರಗೋಲು ಹತ್ರಿ, ದಾಟಸ್ತೇನಿ' ಅಂತ. ಒಂದು ಕಾಲು ಇಟ್ಟೆ. ಬುಟ್ಟಿ ಅಳ್ಳಾಡಿತು. ಹೆದರಿಕಿ ಬಂತು, ತಮ್ಮಾ. ಕಾಲು ತಗದೆ. ಎಡಗೈ ಕಡೆ ನೀರು ಐತಲ್ಲ ಅಂತ ನನಗ ನಾನ ಹೇಳಿಕೋಂತ ನಡದೆ. ಅಷ್ಟೂ ದಾರಿ ಹೇಳಿಕೊಂಡೆ."

ಕಾಕಿ ಅಂದದ್ದು ನನ್ನ ನಾಲಿಗೆಯ ತುದಿಗೆ ಬಂದಿತ್ತು. 'ಅವಳಿಗೆ ಗೊತ್ತಿತ್ತು ಕಾಕಾ' ಅಂದಿದ್ದರೆ ಹಗುರಾಗುತ್ತಿದ್ದರೋ, ಇನ್ನೂ ಕುಸಿಯುತ್ತಿದ್ದರೋ? ಇವತ್ತಿಗೂ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಅವರು ಪುಟವನ್ನು ಅದೇ ಮಡಿಕೆಗಳಲ್ಲಿ ಮಡಚಿ ಮಾಡದಲ್ಲಿಟ್ಟು, ಭರಣಿಯನ್ನು ಅದರ ಮೇಲೆ ಸರಿಯಾಗಿ ಕೂರಿಸಿದರು. ಗೋಡೆಯ ಮೇಲಿನ ಕಾಕಿಯ ಫೋಟೋದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಅಂದರು:

"ನಿಮ್ಮ ಕಾಕಿಗೆ ಮಾತ್ರ ಹೇಳಬ್ಯಾಡಪಾ."

"ಇಲ್ಲ ಬಿಡ್ರಿ ಕಾಕಾ," ಅಂದೆ.