ನಮ್ಮ ಡ್ರಮ್ಮರ್ ಇದ್ದೇ ಇದ್ದಾನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸೋತಿಲ್ಲ. ಬನಹಟ್ಟಿಯಲ್ಲಿ ಯಾರನ್ನು ಕೇಳಿದರೂ ‘ಅರುಣ ಮಾಸ್ತರು ಸೋತರು’ ಎಂದೇ ಹೇಳುತ್ತಾರೆ, ಹೇಳಿ ನಗುತ್ತಾರೆ. ನಗಲಿ. ದೊಡ್ಡ ದೊಡ್ಡ ಗೆಲುವುಗಳಿಗೆಲ್ಲ ಜನ ಮೊದಲು ನಕ್ಕೇ ನಕ್ಕಿದ್ದಾರೆ. (ಈ ಮಾತನ್ನು ನನ್ನ ಹೆಂಡತಿಗೆ ಹೇಳಿದಾಗ, "ಹಂಗಾದ್ರ ನೀವು ದಿನಾ ಗೆಲ್ಲಾಕತ್ತೀರಿ ಬಿಡ್ರಿ" ಎಂದಳು.)

ನನ್ನ ಅಪರಾಧ ಇಷ್ಟೇ: ನಾನು ಜಾಝ್ ಕೇಳುತ್ತೇನೆ. ಓಣಿಯ ತುಂಬ ಭಜನೆ, ವಚನ, ಸಿನಿಮಾ ಹಾಡು ಮೊಳಗುತ್ತಿರುವಾಗ ನನ್ನ ಮನೆಯ ಮುಂದಿನ ಖೋಲಿಯಿಂದ ಮಾತ್ರ ಟ್ರಂಪೆಟ್ಟು, ಸ್ಯಾಕ್ಸೋಫೋನು ಕೂಗುತ್ತವೆ. ಲಗ್ನದ ಬ್ಯಾಂಡಿನವರು ಮನೆ ತಪ್ಪಿ ನಮ್ಮಲ್ಲಿಗೆ ಬಂದಿದ್ದಾರೆಂದು ತಿಳಿದು ಒಮ್ಮೆ ಎದುರುಮನೆಯ ಬೋರವ್ವ ಆರತಿ ತಟ್ಟೆ ಹಿಡಿದೇ ಹೊರಬಂದಿದ್ದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಿಗೆ ಈ ಹುಚ್ಚು ಹೇಗೆ ಹತ್ತಿತು ಎಂದು ಕೇಳಬೇಡಿ. ಹತ್ತಿತು, ಅಷ್ಟೇ. ನೇಕಾರಿಕೆಯ ಮನೆತನದಲ್ಲಿ ಮಗ್ಗ ಬಿಟ್ಟು ಸಂಬಳಕ್ಕೆ ಬಿದ್ದವನು ನಾನೇ ಮೊದಲು. ಅಪ್ಪನಿಗೆ ವಯಸ್ಸಾದ ಮೇಲೆ ಅವನ ಪವರ್‌ಲೂಮು ಹಿತ್ತಲ ಗೋಡೆ ದಾಟಿ ಹಿಂದಿನ ಮನೆಯ ವಿಠೋಬಾ ಕಾಕಾನ ಶೆಡ್ಡಿಗೆ ಹೋಯಿತು, ಅದಿದ್ದ ಖೋಲಿಗೆ ನನ್ನ ರೆಕಾರ್ಡ್ ಪ್ಲೇಯರ್ ಬಂದು ಕೂತಿತು.

ಈ ಹುಚ್ಚಿನಲ್ಲಿ ನಾನು ಒಬ್ಬನೇ ಅಲ್ಲ. ‘ಕೃಷ್ಣಾ ತೀರ ಜಾಝ್ ರಸಿಕರ ಮಹಾಮಂಡಳ’ ಎಂಬ ನಮ್ಮದೊಂದು ವಾಟ್ಸಾಪ್ ಗುಂಪು ಇದೆ. ಇರುವವರು ಮೂವರು, ಮೂವರೂ ಪದಾಧಿಕಾರಿಗಳು. ಅಧ್ಯಕ್ಷರು ಜಮಖಂಡಿಯ ವಕೀಲ ಬಾಳಾಸಾಹೇಬರು. ಊದುವ ವಾದ್ಯವಿಲ್ಲದ ಜಾಝು ಅವರ ಪ್ರಕಾರ ಜಾಝೇ ಅಲ್ಲ, ಗಿಟಾರಿಗೆ ಕರೆಂಟು ಕೊಟ್ಟ ದಿನವೇ ಆ ಸಂಗೀತ ಕೆಟ್ಟುಹೋಯಿತು. ಉಪಾಧ್ಯಕ್ಷ ಬೀಳಗಿಯ ಮಹಾಲಿಂಗ, ಔಷಧಿ ಅಂಗಡಿಯವನು. ಅವನಿಗೆ ನಿಧಾನವಾದ ಸ್ಯಾಕ್ಸೋಫೋನೇ ಬೇಕು, ಕಣ್ಣಲ್ಲಿ ನೀರು ಬರಲೇಬೇಕು. ಅಂಗಡಿಯಲ್ಲಿ ಅದನ್ನೇ ಹಚ್ಚಿಟ್ಟಿರುತ್ತಾನಾದ್ದರಿಂದ, ಪಿತ್ತದ ಗುಳಿಗೆ ಕೇಳಲು ಬಂದವರು ಅವನ ಮುಖ ನೋಡಿ ತಮಗೆ ಏನೋ ದೊಡ್ಡ ರೋಗವೇ ಬಂದಿದೆ ಎಂದು ಗಾಬರಿಯಾಗುತ್ತಾರಂತೆ. ಕಾರ್ಯದರ್ಶಿ ನಾನು, ಪಿಯಾನೋದ ಭಕ್ತ.

ಜಗಳ ಹತ್ತಿದ್ದು ಒಂದು ರೆಕಾರ್ಡಿನಿಂದ. ಮುಂಬಯಿಯ ಹಳೆ ಸಾಮಾನಿನ ಅಂಗಡಿಯಿಂದ ತರಿಸಿದ್ದೆ. (ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮೊಬೈಲಿನಲ್ಲಿ ಹುಡುಕಿ ವಕೀಲರ ಕಡೆ ಸೇರಿಕೊಳ್ಳುತ್ತೀರಿ.) ಒಬ್ಬ ಮುದುಕ ಒಂಟಿಯಾಗಿ ಕೂತು ಪಿಯಾನೋ ನುಡಿಸಿದ್ದು ಎಂದು ಹೊದಿಕೆಯ ಮೇಲೆ ಅಚ್ಚಾಗಿದೆ. ಸುಳ್ಳು! ಒಂದು ಸಂಜೆ ಕೇಳಿದೆ, ಎರಡನೇ ಸಂಜೆ ಕಣ್ಣು ಮುಚ್ಚಿ ಕೇಳಿದೆ. ಪಿಯಾನೋದ ಹಿಂದೆ, ಬಹಳ ಹಿಂದೆ, ಸಣ್ಣಗೆ ಒಬ್ಬ ಡ್ರಮ್ಮರ್ ಇದ್ದ. ಏನು ಕೈ ಅದು! ಪಿಯಾನೋ ಎತ್ತ ಓಡಿದರೂ ಅವನು ಹದ ತಪ್ಪುವವನಲ್ಲ, ಆತುರಪಡುವವನಲ್ಲ, ಮೆರೆಯುವವನಂತೂ ಅಲ್ಲವೇ ಅಲ್ಲ. ಅಂಥವನ ಹೆಸರನ್ನು ರೆಕಾರ್ಡಿನವರು ನುಂಗಿಹಾಕಿದ್ದರು. ನನ್ನ ಹೊಟ್ಟೆ ಉರಿಯಿತು. ಎದೆಯುಬ್ಬಿಸಿ ಗುಂಪಿನಲ್ಲಿ ಘೋಷಿಸಿದೆ: ಈ ಅನಾಮಧೇಯನಿಗೆ ನ್ಯಾಯ ಸಿಗುವ ತನಕ ನಾನು ಸುಮ್ಮನಿರುವುದಿಲ್ಲ.

ವಕೀಲರು ಅದೇ ರೆಕಾರ್ಡನ್ನು ತಮ್ಮ ಮೊಬೈಲಿನಲ್ಲಿ ಕೇಳಿ ಧ್ವನಿಸಂದೇಶ ಕಳಿಸಿದರು. "ಮಾಸ್ತರ, ಇದು ಒಬ್ಬಂಟಿ ಪಿಯಾನೋ ಐತ್ರಿ. ಡ್ರಮ್ ದೂರ ಉಳೀತು, ಒಂದು ತಾಟು ಬಿದ್ದ ಸಪ್ಪಳಾನೂ ಇಲ್ಲ."

"ವಕೀಲರ, ನಿಮ್ಮ ಮೊಬೈಲ್ ಅಂದ್ರ ಚುರಮುರಿ ಡಬ್ಬಿ. ಸಣ್ಣ ಸಪ್ಪಳೆಲ್ಲಾ ಅದರಾಗ ಸೋಸಿ ಹೋಗತಾವು. ರೆಕಾರ್ಡ್ ಕೇಳಬೇಕು, ಕಿವಿ ಬೇಕು!"

ಅಷ್ಟಕ್ಕೇ ಬಿಡಲಿಲ್ಲ. ಪ್ಲೇಯರಿನ ಮುಂದೆ ಮೊಬೈಲ್ ಹಿಡಿದು ಮುದ್ರಿಸಿ ಸಾಕ್ಷ್ಯವನ್ನೇ ಕಳಿಸಿದೆ. ಮಹಾಲಿಂಗ ಕೂಡಲೇ ಫೋನ್ ಮಾಡಿದ.

"ಐತ್ರಿ ಮಾಸ್ತರ! ಕೇಳಸ್ತು! ಖರೇನ ಹಿಂದ ಯಾರೋ ಬಡ್ಯಾಕತ್ತಾರ. ಅಳೂನ ಬಂತ್ರಿ ನನಗ."

ವಕೀಲರು ಮಾತ್ರ ಒಪ್ಪಲಿಲ್ಲ. ಮುದ್ರಿಕೆಯ ಸಾಕ್ಷ್ಯ ನಡೆಯುವುದಿಲ್ಲ, ಸ್ಥಳ ತಪಾಸಣೆ ಆಗಬೇಕು ಎಂದರು. ಬನ್ನಿ ಎಂದೆ. ಆಗ ನನ್ನ ಹೆಂಡತಿ ಶ್ರೀದೇವಿ ಅಡುಗೆಮನೆಯಿಂದ ಹೊರಬಂದಳು.

ಅವಳಿಗೆ ಆ ಖೋಲಿಯ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಅವಳದೊಂದು ಹೆಣ್ಣುಮಕ್ಕಳ ಭಜನಿ ಮೇಳ. ವಿಠೋಬಾ ಕಾಕಾನ ಶೆಡ್ಡಿನ ಮೂಲೆಯಲ್ಲಿ, ಓಡುವ ಮಗ್ಗಗಳ ಪಕ್ಕದಲ್ಲಿ, ಗಂಟಲು ಹರಿಯುವ ಹಾಗೆ ಕೂಗಿ ಹಾಡುತ್ತಿದ್ದರು.

"ವಕೀಲರು ಡ್ರಮ್ ಬಡಿಯಾಂವ ಅದಾನ ಅಂತ ಒಪ್ಪಿದ್ರ ಖೋಲಿ ನಿಮ್ಮದು. ನಾ ಮತ್ತ ಬಾಯಿ ತಗಿಯಂಗಿಲ್ಲ. ಒಪ್ಪಲಿಲ್ಲಂದ್ರ ನಮ್ಮ ಮೇಳದ್ದು. ಆತೇನ್ರಿ?"

"ಆತು!" ಎಂದೆ. ಅನ್ನುವಾಗ ಟೇಬಲ್ ಕೂಡ ಗುದ್ದಿದೆ.

"ಹಂಗಾದ್ರ ಮುಂದಿನ ಐತವಾರ ಕರೀರಿ. ಅಮಾಸಿ ಐತಿ, ಹ್ಯಾಂಗೂ ಹೋಳಿಗಿ ಮಾಡತೇನಿ."

ನನಗೆ ಆಶ್ಚರ್ಯವಾಯಿತು. ನಮ್ಮ ಕಡೆ ಅಮಾವಾಸ್ಯೆಗೆ ಮಗ್ಗಗಳಿಗೆ ಸೂಟಿ, ಪೂಜೆ ಮಾಡಿ ಕಾಯಿ ಒಡೆದರೆ ಆ ದಿನ ಅವನ್ನು ಯಾರೂ ಮುಟ್ಟುವುದಿಲ್ಲ. ಶ್ರೀದೇವಿ ಈ ಪದ್ಧತಿಯನ್ನು ತಿರುಗುವ ಸಾಮಾನಿಗೆಲ್ಲ ವಿಸ್ತರಿಸಿ, ನನ್ನ ಪ್ಲೇಯರಿಗೂ ವಿಭೂತಿ ಹಚ್ಚಿ ಬಟ್ಟೆ ಮುಚ್ಚಿಬಿಡುತ್ತಿದ್ದಳು. ಮದುವೆಯಾದಾಗಿನಿಂದ ಯಾವ ಅಮಾವಾಸ್ಯೆಯಂದೂ ನಾನು ಜಾಝ್ ಕೇಳಿದ್ದಿಲ್ಲ.

"ಅಮಾಸಿ ದಿನ ಪ್ಲೇಯರ್ ಹಚ್ಚಬಹುದೇನು?"

"ಮಂದಿ ಬರಾಕತ್ತಾರಲ್ರಿ. ಇದೊಂದ ಸಲ ಹಚ್ಚರಿ."

ನನ್ನ ಕಣ್ಣು ತುಂಬಿತು. ಇಷ್ಟು ವರ್ಷಗಳ ನಂತರ ಇವಳಿಗೂ ಜಾಝಿನ ಬಗ್ಗೆ ಗೌರವ ಹುಟ್ಟಿತಲ್ಲ ಎಂದುಕೊಂಡೆ. (ಹೆಂಡತಿ ಕೇಳದೇ ಏನಾದರೂ ಕೊಟ್ಟಾಗ ಗಂಡಸಾದವನು ಎರಡು ಸಲ ಯೋಚಿಸಬೇಕು. ನಾನು ಒಂದು ಸಲವೂ ಯೋಚಿಸಲಿಲ್ಲ.)

ಐತವಾರ ಇಬ್ಬರೂ ಬಂದರು. ಹೋಳಿಗೆ, ಕಟ್ಟಿನ ಸಾರು ಹೊಡೆದು ಕೂತರು. ಮಹಾಲಿಂಗನಿಗೆ ಹೋಳಿಗೆಯ ರುಚಿಗೇ ಕಣ್ಣಲ್ಲಿ ನೀರು ಬಂದಿತ್ತು. ಶ್ರೀದೇವಿ ಹೊಸ್ತಿಲ ಹತ್ತಿರ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಳು.

"ಹಚ್ಚರಿ ಮಾಸ್ತರ, ಸಾಕ್ಷಿದಾರನ್ನ ಕರೀರಿ" ಎಂದರು ವಕೀಲರು.

ಮುಳ್ಳು ಇಳಿಸಿದೆ. ಪಿಯಾನೋ ಶುರುವಾಯಿತು. ಮುದುಕ ನುಡಿಸುತ್ತಿದ್ದ, ನುಡಿಸುತ್ತಲೇ ಇದ್ದ. ಡ್ರಮ್ಮರ್ ಮಾತ್ರ ಬರಲಿಲ್ಲ.

"ಈಗ ಬರತಾನ" ಎಂದೆ.

"ಬರಲಿ, ಬರಲಿ."

ಧ್ವನಿ ಏರಿಸಿದೆ. ಮುಳ್ಳು ಒರೆಸಿದೆ. ಸ್ಪೀಕರಿನ ವೈರು ಎಳೆದು ನೋಡಿದೆ. ರೆಕಾರ್ಡು ತಿರುವಿ ಹಾಕಿದೆ, ಮತ್ತೆ ತಿರುವಿದೆ. ಒಂಟಿ ಮುದುಕ, ಒಂಟಿ ಪಿಯಾನೋ. ನಡು ನಡುವೆ ಎಂಥ ಮೌನ ಎಂದರೆ ಶ್ರೀದೇವಿ ಮೆಂತ್ಯದ ಎಲೆ ಕೀಳುವುದು ಕೇಳಿಸುತ್ತಿತ್ತು. ಒಂದು ಪಿಯಾನೋ ಇಷ್ಟು ಬಡವಾಗಿ ಕೇಳಿಸಬಹುದೆಂದು ನನಗೆ ಗೊತ್ತೇ ಇರಲಿಲ್ಲ.

"ಮಹಾಲಿಂಗಪ್ಪ, ನೀವು ಹೇಳ್ರಿ. ಅವತ್ತು ಕೇಳಸ್ತು ಅಂದಿದ್ರಿಲ್ಲೋ?" ಎಂದೆ.

"ಅವತ್ತು ಕೇಳಸಿತ್ರಿ" ಎಂದು ಅವನು ಅಧ್ಯಕ್ಷರ ಕಡೆ ನೋಡಿದ. "ಗಿರಾಕಿ ಭಾಳ ಇದ್ರು. ಹೊರಗ ಟ್ರ್ಯಾಕ್ಟರ್ ಹೊಂಟಿತ್ತೇನೋ."

ದ್ರೋಹಿ! ಎರಡು ಹೋಳಿಗೆ ಹೆಚ್ಚಿಗೆ ತಿಂದವನು ಇವನೇ.

"ಇನ್ನೊಮ್ಮೆ ಹಚ್ಚತೇನಿ" ಎಂದೆ. ಹಚ್ಚಿ ಕಣ್ಣು ಮುಚ್ಚಿ ಕೂತೆ. ಏನೇ ಆಗಲಿ, ಅವನಿದ್ದಾನೆ, ನನಗೆ ಗೊತ್ತು. ಆಗ ವಕೀಲರು ಸಣ್ಣಗೆ ಕೆಮ್ಮಿದರು.

"ಮಾಸ್ತರ, ನಿಮ್ಮ ಕಾಲು ಯಾವ ತಾಳಕ್ಕ ಕುಣ್ಯಾಕತ್ತೈತ್ರಿ? ಪಿಯಾನೋಕ್ಕ ಅಂತೂ ಅಲ್ಲ."

ಕಣ್ಣು ತೆರೆದು ಕಾಲು ನೋಡಿಕೊಂಡೆ. ನನ್ನ ಬಲಗಾಲು ತನ್ನ ಪಾಡಿಗೆ ತಾನು ನೆಲಕ್ಕೆ ಬಡಿಯುತ್ತಿತ್ತು. ಖಟಕ್-ಪಟಕ್, ಖಟಕ್-ಪಟಕ್. ಹದ ತಪ್ಪದೆ, ಆತುರಪಡದೆ, ಮೆರೆಯದೆ. ಆ ಸಪ್ಪಳ ಎಲ್ಲಿಯದು ಎಂದು ಆ ಕ್ಷಣ ಹೊಳೆಯಿತು. ನಿಧಾನವಾಗಿ ಹಿತ್ತಲ ಗೋಡೆಯ ಕಡೆ ನೋಡಿದೆ. ದಿನವೂ ಸಂಜೆ ಗೋಡೆಯಾಚೆ ಅಪ್ಪನ ಮಗ್ಗ ಓಡುವಾಗಲೇ ನಾನು ರೆಕಾರ್ಡ್ ಕೇಳುತ್ತಿದ್ದೆ. ಕರೆಂಟು ಹೋದರೆ ಅದೂ ನಿಲ್ಲುತ್ತಿತ್ತು, ನನ್ನ ಪ್ಲೇಯರೂ ನಿಲ್ಲುತ್ತಿತ್ತು. ಹಾಗಾಗಿ ಎರಡೂ ಬೇರೆ ಬೇರೆ ಎಂದು ಗೊತ್ತಾಗುವ ಪ್ರಸಂಗವೇ ಬಂದಿರಲಿಲ್ಲ.

ಇಂಥ ಹೊತ್ತಿನಲ್ಲಿ ಸಾಮಾನ್ಯ ಮನುಷ್ಯ ತಪ್ಪೊಪ್ಪಿಕೊಳ್ಳುತ್ತಾನೆ. ನಾನು ಸಾಮಾನ್ಯನಲ್ಲ, ಮಹಾಮಂಡಳದ ಕಾರ್ಯದರ್ಶಿ. "ನೀರು ಕುಡದ ಬರತೇನಿ" ಎಂದವನೇ ಹಿಂದಿನಿಂದ ಹೋಗಿ ಗೋಡೆ ಹತ್ತಿ ಆಚೆ ಜಿಗಿದೆ. ವಿಠೋಬಾ ಕಾಕಾ, ಅವನ ಹೆಂಡತಿ ರುಕ್ಮವ್ವ ಕಾಕು ಊಟ ಮುಗಿಸಿ ಶೆಡ್ಡಿನ ಬಾಗಿಲಲ್ಲಿ ಅಡಿಕೆ ಎಲೆ ಹಾಕುತ್ತಿದ್ದರು.

"ಕಾಕಾ, ಸ್ವಲ್ಪ ಹೊತ್ತು ಮಗ್ಗ ಹಚ್ಚರಿ."

"ಏನಂದಿ?"

"ಮಗ್ಗ. ಅಪ್ಪಂದು ಒಂದ ಹಚ್ಚಿದ್ರ ಸಾಕು."

ಕಾಕಾನ ಬಾಯಲ್ಲಿದ್ದ ಎಲೆ ಹಾಗೇ ನಿಂತಿತು. "ಅಮಾಸಿ ಐತಲೇ ಅರುಣ್ಯಾ! ಈಗಷ್ಟ ಕಾಯಿ ಒಡದೇನಿ. ಇವತ್ತಿನ ದಿನ ಹಚ್ಚೂದಂದ್ರ ಏನು? ನಿಮ್ಮಪ್ಪ ಎಂದಾದ್ರೂ ಹಚ್ಚಿದ್ನೇನು? ಅಂಥಾದ್ದು ಏನ ಬೇಕಾಗೈತಿ ನಿನಗ, ಸೀರಿ?"

"ಸೀರಿ ಬ್ಯಾಡ್ರಿ. ಸಪ್ಪಳ ಬೇಕಾಗೈತಿ."

"ಸಪ್ಪಳ ಬೇಕಂದ್ರ ನಿಮ್ಮ ಕಾಕಾನ್ನ ಕರಕೊಂಡ ಹೋಗೋ" ಎಂದಳು ಕಾಕು. "ಉಂಡಾರ, ಮಲಗಿದ್ರಂದ್ರ ಓಣಿಗೆಲ್ಲಾ ಕೇಳಸ್ತೈತಿ ಗೊರಕಿ."

ಕಾಲು ಹಿಡಿಯುವುದೊಂದು ಬಾಕಿ. ಅದಕ್ಕೂ ಬಗ್ಗಿದೆ. ಕಾಕಾ ಕಾಲು ಎತ್ತಿ ಕಟ್ಟೆಯ ಮೇಲೆ ಇಟ್ಟುಕೊಂಡ.

ಮತ್ತೆ ಗೋಡೆ ಹತ್ತಿ ಈಚೆ ಇಳಿದೆ. ಪ್ಯಾಂಟಿನ ತುಂಬ ಸುಣ್ಣ. ಹಿತ್ತಲ ಬಾಗಿಲಲ್ಲಿ ಶ್ರೀದೇವಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

"ಸಿಕ್ಕನೇನ್ರಿ ಡ್ರಮ್ ಬಡಿಯಾಂವ?"

ನಾನು ನಿಂತಲ್ಲೇ ನಿಂತೆ. "ನಿನಗ ಗೊತ್ತಿತ್ತು?"

"ಗೊತ್ತಿಲ್ಲದ ಏನ್ರಿ! ನಾ ಸಾವಳಗಿಯಾಕಿ. ನಮ್ಮ ತ್ವಾಟದ ಮನ್ಯಾಗ ಹಕ್ಕಿ ಸಪ್ಪಳ ಬಿಟ್ರ ಇನ್ನೊಂದಿಲ್ಲ. ಮದಿವ್ಯಾಗಿ ಇಲ್ಲಿ ಬಂದ ಮ್ಯಾಲ ಒಂದು ವರ್ಷ ನಿದ್ದಿ ಮಾಡಿಲ್ಲ ನಾ, ಆ ಖಟಕ್-ಪಟಕ್ ಕೇಳಿ ಕೇಳಿ. ನಿಮಗ ಹೇಳಿದ್ರ ‘ಯಾವ ಸಪ್ಪಳ?’ ಅಂತಿದ್ರಿ. ನೀವು ಹುಟ್ಟಿದ್ದ ಅದರಾಗ, ನಿಮಗ ಹ್ಯಾಂಗ ಕೇಳಸ್ತೈತಿ!"

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ಖೋಲಿ ಬೇಕಾಗಿತ್ತಲ್ರಿ" ಎಂದು ತಂಬಿಗೆ ನನ್ನ ಕೈಗಿಟ್ಟಳು. "ನೀರು ಕುಡೀರಿ. ದಣದೀರಿ."

ಕುಡಿದೆ. ಸುಣ್ಣ ಝಾಡಿಸಿಕೊಂಡೆ. ತಲೆಯೆತ್ತಿ ಒಳಗೆ ಹೋದೆ. ವಕೀಲರು ಕನ್ನಡಕ ಒರೆಸುತ್ತಿದ್ದರು, ಮಹಾಲಿಂಗ ನೆಲ ನೋಡುತ್ತಿದ್ದ. ನಾನು ಪ್ಲೇಯರಿನ ಪಕ್ಕ ನಿಂತು, ಶಾಲೆಯಲ್ಲಿ ಪ್ರಮೇಯ ಹೇಳುವ ಗತ್ತಿನಲ್ಲಿ ಹೇಳಿದೆ.

"ಡ್ರಮ್ಮರ್ ಅದಾನ್ರಿ. ಇವತ್ತು ಅಮಾಸಿ, ಅವಗ ಸೂಟಿ."

ವಕೀಲರು ಮೊದಲು ನನ್ನ ಪ್ಯಾಂಟು ನೋಡಿದರು, ಆಮೇಲೆ ಹಿತ್ತಲ ಗೋಡೆ ನೋಡಿದರು. ಆಮೇಲೆ ನಕ್ಕರು ನೋಡಿ, ಕುರ್ಚಿಯಿಂದ ಜಾರಿ ಚಾಪೆಗೆ ಬಂದರು. ಮಹಾಲಿಂಗನಿಗೆ ಈ ಸಲ ನಕ್ಕು ನಕ್ಕು ಕಣ್ಣೀರು. ಹೊಸ್ತಿಲ ಹತ್ತಿರ ಶ್ರೀದೇವಿ ಮಾತ್ರ ನಗಲಿಲ್ಲ. ಕಿಟಕಿಗೆ ಎಂಥ ಪರದೆ ಹಾಕಬೇಕೆಂದು ಕಣ್ಣಲ್ಲೇ ಅಳೆಯುತ್ತಿದ್ದಳು.

ಮರುದಿನವೇ ಮೇಳ ಬಂದು ಖೋಲಿಯಲ್ಲಿ ಕೂತಿತು. ಅವರು ತೆರವು ಮಾಡಿದ ಶೆಡ್ಡಿನ ಮೂಲೆ ನನಗೆ ಬಂತು. ಈಗ ನನ್ನ ಪ್ಲೇಯರು ಅಪ್ಪನ ಮಗ್ಗದ ಪಕ್ಕದಲ್ಲೇ ಇದೆ. ಖರೆ ಹೇಳುತ್ತೇನೆ, ಮೊದಲ ಸಂಜೆ ಅಲ್ಲಿ ಕೂತಾಗ ಮಗ್ಗಕ್ಕೆ ಕೈ ಮುಗಿದುಬಿಟ್ಟೆ. ಹೆಸರಿಲ್ಲದ ನನ್ನ ಡ್ರಮ್ಮರ್ ಒಂದು ಮೊಳ ದೂರದಲ್ಲಿ, ಇದ್ದಬಿದ್ದ ಕಸುವೆಲ್ಲ ಹಾಕಿ ಬಡಿಯುತ್ತಿದ್ದ. ಆ ಸಂಭ್ರಮದಲ್ಲಿ ಮೊಬೈಲ್ ಹಿಡಿದು ಮುದ್ರಿಸಿ ಮಹಾಮಂಡಳಕ್ಕೆ ಕಳಿಸಿದೆ. ಇನ್ನಾದರೂ ಒಪ್ಪಲಿ!

ಇಬ್ಬರೂ ಒಪ್ಪಿದರು. ಊದುವ ವಾದ್ಯವಿಲ್ಲದಿದ್ದರೂ ಡ್ರಮ್ ಮಾತ್ರ ಜಬರ್ದಸ್ತ್ ಎಂದು ಅಧ್ಯಕ್ಷರೇ ಬರೆದರು. ಮಹಾಲಿಂಗ ಫೋನ್ ಮಾಡಿದ.

"ಡ್ರಮ್ ಅಂತೂ ಭಾರಿ ಛಲೋ ಐತ್ರಿ ಮಾಸ್ತರ. ಆದ್ರ ಪಿಯಾನೋ ಎಲ್ಲೈತ್ರಿ?"

"ಐತಿ!" ಎಂದು ಮಗ್ಗದ ಸದ್ದಿನ ಮೇಲೆ ಕೂಗಿದೆ. "ಐತಿ! ಕೇಳಾಕ ಕಿವಿ ಬೇಕು!"