ಬಿಜಲಿಯ ಲಾಳ

ಆವರಗೆರೆಯ ಓಣಿಯಲ್ಲಿ ಜಂಬಯ್ಯನ ಕುದುರೆ ಬಿಜಲಿ ಬೆಳಿಗ್ಗೆ ಒಮ್ಮೆ ಮುಗ್ಗರಿಸಿತು. ಚರಂಡಿ ಕಲ್ಲಿಗೆ ಕಾಲು ತಾಗಿತ್ತು, ಅಷ್ಟೇ. ಆದರೆ ಓಣಿ ನೋಡಿಬಿಟ್ಟಿತ್ತು.

ಬಿಜಲಿಗೆ ಹದಿನೆಂಟು ವರ್ಷ. ಬಂಡಿ ಓಟದಲ್ಲಿ ಬೇರೆ ಕುದುರೆಯ ಬಾಲ ಅದು ನೋಡಿದ್ದು ಕಡಿಮೆ. ತನ್ನ ಬಾಲವನ್ನು ಮಾಯಕೊಂಡದಿಂದ ಮಲೆಬೆನ್ನೂರಿನವರೆಗೆ ಎಲ್ಲಾ ಕುದುರೆಗೂ ತೋರಿಸಿತ್ತು. ಅಂಥ ಕುದುರೆ ಓಟ ಬಿಟ್ಟ ದಿನ ಅದರ ಲಾಳ ಕಿತ್ತು ಬಾಗಿಲಿಗೆ ಹೊಡೆದರೆ ಮನೆಗೆ ಒಳ್ಳೇದು ಅಂತ ಆ ಕಡೆಯ ನಂಬಿಕೆ. ಹಂಗಾಗಿ ಲೋಟದ ಚಾ ಆರುವುದರೊಳಗೆ ಎದುರುಮನೆ ಜೈನಾಬಿ ತನ್ನ ಬಳೆ ಅಂಗಡಿಗೆ ಒಂದು ಲಾಳ ಹೇಳಿಟ್ಟಳು. ಲಾಳ ಹೊಡೆಯುವ ಮೈಲಪ್ಪ ತನಗೆ ಎರಡು ಅಂದ. ನಾಲ್ಕನೆಯದು ಜಂಬಯ್ಯನ ಹೆಂಡತಿ ಕಾಟಮ್ಮನಿಗೇ ಬೇಕಾಗಿತ್ತು.

"ವಯಸ್ಸಾತು ಅದಕ್ಕ. ಬಿಟ್ಟುಬಿಡ್ರಿ," ಅಂದಳು ಕಾಟಮ್ಮ.

ಜಂಬಯ್ಯ ತಡಕಾಡಿ ಒಂದು ಮಾತಿಗೆ ಬಂದ. ಇವತ್ತು ಹರಿಹರದ ಓಟದಲ್ಲಿ ಗೆಲ್ಲದಿದ್ದರೆ ಲಾಳ ಕೀಳುವುದು. ಆಮೇಲೆ ಬಿಜಲಿಗೆ ಬೇವಿನ ನೆರಳು, ಮೆತ್ತಗೆ ಬೇಯಿಸಿದ ಹುರುಳಿ, ಸಂಜೆಗೊಂದು ಸುತ್ತು. ಹೇಳುತ್ತಲೇ ಬಿಜಲಿಯ ಕೊರಳು ನೇವರಿಸಿದ.

ಲಗೇಜ್ ಗಾಡಿಯಲ್ಲಿ ಕುದುರೆಯ ಜತೆ ಓಣಿಯೂ ಹತ್ತಿತು. ಮೈಲಪ್ಪ ಇಕ್ಕಳ ತಂದಿದ್ದ. ಜೈನಾಬಿ ಬಿಜಲಿಯನ್ನು ಬೀಳ್ಕೊಡಲು ಹಾರ, ಶಾಲು ತಂದಿದ್ದಳು.

ಹರಿಹರದಾಚೆ ಕೊಯ್ಲಾದರೂ ಹಸಿ ಆರದ ಗದ್ದೆಯಲ್ಲಿ ಓಟ. ಮಲೆಬೆನ್ನೂರಿನ ಎಳೇ ಕುದುರೆ ಮದುವೆ ಮೆರವಣಿಗೆಯ ಹುಡುಗರ ಹಂಗೆ ಕುಣಿಯುತ್ತಿತ್ತು. ಜಂಬಯ್ಯ ಬಂಡಿ ಹತ್ತಿ ಲಗಾಮು ಹಿಡಿದರೂ ಬಿಜಲಿ ನಿಂತಲ್ಲೇ ತೂಕಡಿಸುತ್ತಿತ್ತು. ಜನ ನಕ್ಕರು. ಬಾವುಟ ಬಿತ್ತು. ಅರ್ಧ ದಾರಿ ಅದು ಹಿಂದೇ ಇತ್ತು. ಆಮೇಲೆ ಕಿವಿ ಹಿಂದಕ್ಕೆ ಮಡಚಿತು ನೋಡಿ, ಕಾದ ಕಾವಲಿ ಮೇಲೆ ಬೆಣ್ಣೆ ಜಾರಿದಂಗೆ ಒಂದೊಂದೇ ಬಂಡಿ ದಾಟಿತು. ನಕ್ಕವರ ಬಾಯಿ ತೆರೆದಂಗೇ ಉಳಿಯಿತು.

ಆಗ ಜಂಬಯ್ಯನ ಕಣ್ಣು ಅದರ ಬಲಗಾಲಿನ ಮೇಲೆ ಬಿತ್ತು. ಮಂಡಿ ನಡುಗಿದಂಗೆ ಕಂಡಿತು. ಗೆಲುವು ಹಾಳಾಗಲಿ, ಕಾಲು ಉಳಿದರೆ ಸಾಕು ಅಂತ ಲಗಾಮು ಜಗ್ಗಿದ. ಓಡುವಾಗ ತನ್ನನ್ನು ಜಗ್ಗಿದವರನ್ನು ಬಿಜಲಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನೊಣ ಓಡಿಸಿದಂಗೆ ಒಮ್ಮೆ ತಲೆ ಕೊಡವಿತು. ಜಂಬಯ್ಯ ಕೆಸರಿನಲ್ಲಿದ್ದ. ಖಾಲಿ ಬಂಡಿ ಎಳೆದುಕೊಂಡು ಬಿಜಲಿ ಮೊದಲನೆಯದಾಗಿ ಗೆರೆ ದಾಟಿತು.

ಕಮಿಟಿಯವರು ಬಹಳ ಹೊತ್ತು ಜಗಳಾಡಿದರು. ಗೆರೆ ದಾಟಬೇಕಾದ್ದು ಕುದುರೆ, ಆಳಲ್ಲ ಅಂತ ತೀರ್ಮಾನವಾಯಿತು. ಬಿಜಲಿ ಗೆದ್ದಿತ್ತು.

"ಯಾಕ ಬಿದ್ರಿ?" ಅಂತ ಕೇಳಿದಳು ಕಾಟಮ್ಮ.

ಗೆಲ್ಲುವ ಕುದುರೆಯನ್ನು ತಾನೇ ಜಗ್ಗಿದೆ ಅಂದರೆ ಎರಡು ಊರು ಸಾಯೋತನಕ ನಗುತ್ತವೆ. ಜಂಬಯ್ಯ ಕೆಸರು ಒರೆಸಿಕೊಂಡ.

"ಕಣ್ಣು ಕತ್ತಲೆ ಬಂತು."

ಕಾಟಮ್ಮ, ಮೈಲಪ್ಪ, ಜೈನಾಬಿ ಮುಖ ಮುಖ ನೋಡಿಕೊಂಡು ಅವನತ್ತ ತಿರುಗಿದರು. ಬೆಳಿಗ್ಗೆ ಕುದುರೆಯನ್ನು ನೋಡಿದ್ದೂ ಹಿಂಗೇ.

"ವಯಸ್ಸಾತು ನಿಮಗ. ಬಿಟ್ಟುಬಿಡ್ರಿ," ಅಂದಳು ಕಾಟಮ್ಮ. ಜೈನಾಬಿ ತಂದಿದ್ದ ಹಾರ, ಶಾಲು ವ್ಯರ್ಥವಾಗಲಿಲ್ಲ.

ಈಗ ಬಿಜಲಿಯ ಬಂಡಿ ಹೊಡೆಯುವವನು ಮೈಲಪ್ಪ. ಜಂಬಯ್ಯನಿಗಿಂತ ಎರಡೇ ವರ್ಷ ಚಿಕ್ಕವನು. ಜಂಬಯ್ಯನಿಗೆ ಬೇವಿನ ನೆರಳು, ಮೆತ್ತಗೆ ಬೇಯಿಸಿದ ಹುರುಳಿ, ಸಂಜೆಗೊಂದು ಸುತ್ತು. ಅವನ ಚಪ್ಪಲಿಯಲ್ಲಿ ಒಂದು ಆ ಗದ್ದೆಯಲ್ಲೇ ಹೂತುಹೋಯಿತು. ಇನ್ನೊಂದು ಜೈನಾಬಿಯ ಅಂಗಡಿ ಬಾಗಿಲ ಮೇಲೈತೆ. ವ್ಯಾಪಾರ ಚಲೋ ಐತಂತೆ.